‘ಬರ್ತೇನಿ’ ಅಂದು ಹೋದವಳು

ಧಾರವಾಡದಲ್ಲಿ ‘ನಾನು ಕೋಚ್’ ಎಂದು ಹೇಳಿಕೊಳ್ಳುವುದು ಸುಲಭವಲ್ಲ. ದ್ರಾಕ್ಷಾಯಿಣಿ ಹಾಗೆ ಹೇಳಿದಾಗಲೆಲ್ಲ ಎದುರಿನವರು, ‘ಕೆಎಎಸ್‌ದ್ದೋ, ಪಿಎಸ್‌ಐದ್ದೋ?’ ಎಂದು ಕೇಳುತ್ತಿದ್ದರು. ಒಮ್ಮೆ ಮಾರ್ಕೆಟ್ಟಿನಲ್ಲಿ ಮೆಂತ್ಯದ ಸೊಪ್ಪು ಮಾರುವಾಕೆ ತನ್ನ ಮಗನನ್ನು ಇವಳ ಕ್ಲಾಸಿಗೆ ಕಳಿಸುತ್ತೇನೆಂದು ಹಟ ಹಿಡಿದಳು.

‘ನಾ ಹುಡುಗ್ಯಾರಿಗೆ ಬುಟ್ಟಿಯೊಳಗ ಬಾಲ್ ಒಗಿಯೂದು ಕಲಸ್ತೇನವಾ’ ಎಂದಳು ದ್ರಾಕ್ಷಾಯಿಣಿ.

ಆಕೆ ತನ್ನ ಸೊಪ್ಪಿನ ಬುಟ್ಟಿಯನ್ನೊಮ್ಮೆ ನೋಡಿಕೊಂಡು, ‘ಅದನ್ನ ಕಲಿಯಾಕ ಕಾಲೇಜಿಗೆ ಹೋಗ್ಬೇಕೇನ್ರಿ ಅಕ್ಕಾರ?’ ಎಂದಳು. ಅಂದದ್ದು ನಗೆಗೆ. ಸೊಪ್ಪು ಚೀಲಕ್ಕೆ ಹಾಕುವಾಗ ಮಾತ್ರ ಒಂದು ಸಿವುಡು ಹೆಚ್ಚಿಗೆ ಹಾಕಿದಳು.

ದ್ರಾಕ್ಷಾಯಿಣಿ ಕೋಚ್ ಆಗಿದ್ದ ಮಹಿಳಾ ಕಾಲೇಜಿನ ಗ್ರಂಥಾಲಯದಲ್ಲಿ ನಾನು ಕೆಲಸಕ್ಕಿದ್ದೆ. ನನ್ನ ಮೇಜಿನ ಪಕ್ಕದ ಕಿಟಕಿಯಿಂದ ಬಾಸ್ಕೆಟ್‌ಬಾಲ್ ಅಂಗಳ ಪೂರ್ತಿ ಕಾಣುತ್ತಿತ್ತು. ದ್ರಾಕ್ಷಾಯಿಣಿ ವಿದ್ಯಾರ್ಥಿನಿಯಾಗಿ ಅಲ್ಲಿ ಆಡಿದ್ದನ್ನು, ರಾಜ್ಯದ ತಂಡಕ್ಕೆ ಹೋಗಿ ಮೊಣಕಾಲು ಕೆಡಿಸಿಕೊಂಡು ಮರಳಿದ್ದನ್ನು, ಕೊರಳಿಗೆ ಸೀಟಿ ಹಾಕಿಕೊಂಡು ಕೋಚ್ ಆಗಿ ನಿಂತದ್ದನ್ನು ನಾನು ಆ ಕಿಟಕಿಯಿಂದಲೇ ನೋಡಿದೆ. ನಾನು ನಿವೃತ್ತಳಾದ ಮೇಲೆ ಕಿಟಕಿ ಹೋಯಿತು. ಒಂದು ಸಂಜೆ ಸುಮ್ಮನೆ ಅಂಗಳದ ಕಡೆ ಹೋದರೆ, ಮರುದಿನವೇ ಬೇವಿನ ಗಿಡದ ನೆರಳಿಗೆ ಕೈಯಿದ್ದ ಹಳೆಯ ಕುರ್ಚಿಯೊಂದು ಬಂದಿತ್ತು. ಅದು ಯಾರಿಗೆಂದು ಅವಳು ಹೇಳಲಿಲ್ಲ. ಆದರೆ ನಾನು ಹೋಗದ ದಿನ ಕೂಡ ಹುಡುಗಿಯರು ಅದರ ಮೇಲೆ ಚೀಲ ಇಡುತ್ತಿರಲಿಲ್ಲವಂತೆ.

ನಮ್ಮ ಕಡೆ ಯಾರೂ ಎದ್ದು ಹೊರಡುವಾಗ ‘ಹೋಗ್ತೇನಿ’ ಎನ್ನುವುದಿಲ್ಲ. ಹೋಗುವವರು ‘ಬರ್ತೇನಿ’ ಎನ್ನುತ್ತಾರೆ, ಮನೆಯವರು ‘ಬರ್ರಿ’ ಎನ್ನುತ್ತಾರೆ. ದ್ರಾಕ್ಷಾಯಿಣಿ ಇದನ್ನೇ ಒಂದು ಆಟ ಮಾಡಿದ್ದಳು. ಚೆಂಡು ಗೆಳತಿಯ ಕೈಯಲ್ಲಿದೆ. ನಿನ್ನನ್ನು ಕಾಯುವವಳು ಮೈಗೆ ಮೈ ಹಚ್ಚಿ ನಿಂತಿದ್ದಾಳೆ. ಆಗ ‘ಬರ್ತೇನಿ!’ ಎಂದು ಕೂಗಿ ಚೆಂಡಿನ ಕಡೆ ಒಂದು ಹೆಜ್ಜೆ ಹಾಕಬೇಕು. ಕಾಯುವವಳು ಚೆಂಡು ತಡೆಯಲು ಮುಂದೆ ನುಗ್ಗುತ್ತಾಳೆ. ಅಷ್ಟರಲ್ಲಿ ತಟ್ಟನೆ ತಿರುಗಿ, ಅವಳ ಬೆನ್ನ ಹಿಂದಿನಿಂದ ರಿಂಗಿನ ಕಡೆ ಓಡಬೇಕು. ಗೆಳತಿ ಚೆಂಡನ್ನು ಅಲ್ಲಿಗೆ ಕಳಿಸುತ್ತಾಳೆ.

‘ನೀವು ದಿನಾ ಮನ್ಯಾಗ ಮಾಡೂದಽ ಐತಿ’ ಎಂದು ಅವಳು ಕಲಿಸುತ್ತಿದ್ದಳು. ‘ಬರ್ತೇನಿ ಅನ್ನೂದು, ಹೋಗೂದು.’

ಬೆಳಗಾವಿಯ, ಗದಗಿನ ಹುಡುಗಿಯರೂ ಮನೆಯಲ್ಲಿ ಇದೇ ಮಾತಾಡುವವರು. ಆದರೂ ಅಂಗಳದಲ್ಲಿ ಪ್ರತಿ ಸಲವೂ ನಂಬಿಬಿಡುತ್ತಿದ್ದರು.

ಆ ಆಟವನ್ನು ಕಾವೇರಿಯಷ್ಟು ಚೆಂದ ಆಡಿದವರು ಮತ್ತೊಬ್ಬರಿಲ್ಲ. ಹೆಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಸಾಲೆಯಲ್ಲಿ ಖೋ ಖೋ ಆಡಿ ಬೆಳೆದವಳು. ಮೊದಮೊದಲು ಚೆಂಡು ಕೊಡುವಾಗ ಗೆಳತಿಯ ಬೆನ್ನು ಮುಟ್ಟಿ ‘ಖೋ’ ಎಂದುಬಿಡುತ್ತಿದ್ದಳು. ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ದ್ರಾಕ್ಷಾಯಿಣಿ ನಗಲಿಲ್ಲ.

‘ನಗಬ್ಯಾಡ್ರಿ. ಬೆನ್ನ ಹಿಂದ ಏನ್ ನಡದೈತಿ ಅಂತ ಖೋ ಆಡಿದಾಕಿಗೆ ತಿಳದಂಗ ನಿಮಗ್ಯಾರಿಗೂ ತಿಳಿಯೂದಿಲ್ಲ’ ಎಂದಳು.

ಕಾವೇರಿ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದಳು. ‘ನನ್ನಂಗ ಬರೇ ಸೀಟಿ ಊದ್ಕೋತ ಕುಂದ್ರಬ್ಯಾಡ, ಓದು’ ಎಂದು ದ್ರಾಕ್ಷಾಯಿಣಿ ಬೆನ್ನು ಹತ್ತಿದ್ದಕ್ಕೆ ದೈಹಿಕ ಶಿಕ್ಷಣದ ಪದವಿ ಮುಗಿಸಿದಳು. ಆಮೇಲೆ ಇಲ್ಲೇ ಸಹಾಯಕ ಕೋಚ್ ಆದಳು. ಕೊನೆಯ ಬಸ್ಸು ತಪ್ಪಿದರೆ ದ್ರಾಕ್ಷಾಯಿಣಿಯ ಮನೆಯಲ್ಲೇ ಉಳಿಯುತ್ತಿದ್ದಳು. ಅವಳ ಕೆಟ್ಟ ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚುತ್ತಿದ್ದಳು. ಮದುವೆಯಾಗದ ದ್ರಾಕ್ಷಾಯಿಣಿಗೆ ಅದು ಎಷ್ಟು ದೊಡ್ಡ ಸುಖವೆಂದು ಅವಳ ನಡಿಗೆ ನೋಡಿದರೇ ತಿಳಿಯುತ್ತಿತ್ತು. ಪಂದ್ಯದ ದಿನ ಕಾವೇರಿಯ ತಾಯಿ ರೇಣವ್ವ ಇಡೀ ತಂಡಕ್ಕೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ಕಟ್ಟಿ ಕಳಿಸುತ್ತಿದ್ದಳು. ನನಗೆ ಹಲ್ಲಿಲ್ಲವೆಂದು ತಿಳಿದ ಮೇಲೆ ಕಟ್ಟಿನಲ್ಲಿ ಎರಡು ಮೆತ್ತಗಿನ ರೊಟ್ಟಿ ಬೇರೆ ಬಟ್ಟೆಯಲ್ಲಿ ಸುತ್ತಿ ಬರತೊಡಗಿದವು.

ಈ ವರ್ಷ ಮಾರ್ಚಿಗೆ ದ್ರಾಕ್ಷಾಯಿಣಿಯ ನಿವೃತ್ತಿಯಿತ್ತು. ಹೋದ ವರ್ಷ ದಸರೆ ಮುಗಿದ ಮೇಲೆ ಪ್ರಾಚಾರ್ಯ ಯಜ್ಞೇಶ್ವರ ಅವಳನ್ನು ಕರೆಸಿದರು; ಅವಳ ಜೊತೆ ನಾನೂ ಹೋದೆ. ಪ್ರಾಚಾರ್ಯರು ಕೆಟ್ಟವರಲ್ಲ; ನನ್ನನ್ನೂ ಕೂಡ್ರಿಸಿ, ಇಬ್ಬರಿಗೂ ಚಹಾ ತರಿಸಿ, ನನ್ನದರಲ್ಲಿ ಸಕ್ಕರೆ ಬೇಡವೆಂದು ನೆನಪಿಟ್ಟು ಹೇಳಿದರು.

‘ನೀವು ಹೋದ ಮ್ಯಾಲೆ ಟೀಮ್ ಯಾರು ನೋಡ್ತಾರ್ರೀ? ಅಂಗಳಾ ಖಾಲಿ ಬಿತ್ತಂದ್ರ ಸಂಸ್ಥಾದವ್ರು ಅದನ್ನ ಕೋಚಿಂಗ್ ಸೆಂಟರಿಗೆ ಕೊಡಬೇಕಂತ ಕೂತಾರ. ಶೆಡ್ಡು ಹಾಕಿ ಕ್ಲಾಸ್ ನಡಸ್ತಾರಂತ. ಕಾವೇರಿ ಇರ್ತಾಳಂದ್ರ ನಾ ತಡೀತೀನಿ. ಇಲ್ಲಾಂದ್ರ ನನ್ನ ಕೈಯಾಗ ಏನೂ ಇಲ್ಲ.’

ದ್ರಾಕ್ಷಾಯಿಣಿ ನಕ್ಕಳು. ‘ಕೋಚಿಂಗ್ ಹೋಗಿ ಕೋಚಿಂಗ್ ಬರ್ತೈತಿ ಅನ್ರಿ.’

ಅಂದು ಸಂಜೆಯೇ ಬೇವಿನ ಗಿಡದ ಕೆಳಗೆ, ನನ್ನ ಎದುರಿಗೇ, ಅವಳು ಕಾವೇರಿಗೆ ಎಲ್ಲವನ್ನೂ ಹೇಳಿದಳು. ‘ನೀ ಇದ್ರ ಅಂಗಳ ಉಳೀತೈತಿ, ಟೀಮ್ ಉಳೀತೈತಿ. ಇರ್ತೀಯೇನವಾ?’

ಕಾವೇರಿ ನೆಲದ ಮೇಲೆ ಚೆಂಡನ್ನು ಎರಡು ಸಲ ಬಡಿದು ಹಿಡಿದಳು. ‘ನಾ ಎಲ್ಲಿ ಹೋಗ್ಲ್ರಿ ಅಕ್ಕಾರ?’

ದ್ರಾಕ್ಷಾಯಿಣಿಯ ಮುಖ ಅರಳಿತು. ನನಗೂ ಹಗುರೆನಿಸಿತು. ಅದು ಉತ್ತರವಲ್ಲ, ಪ್ರಶ್ನೆ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಚಳಿಗಾಲದಲ್ಲಿ ತಂಡ ಅಂತರ ಕಾಲೇಜು ಪಂದ್ಯಾವಳಿಯ ಫೈನಲ್ ಮುಟ್ಟಿತು. ಎದುರಾಳಿ, ಉಣಕಲ್ಲಿನ ಆಚೆ ಹೊಸದಾಗಿ ಎದ್ದಿದ್ದ ಹುಬ್ಬಳ್ಳಿಯ ಒಂದು ಖಾಸಗಿ ಕಾಲೇಜು. ಪಂದ್ಯವೂ ಅವರ ಅಂಗಳದಲ್ಲೇ. ಇನ್ನೇನು ಎರಡು ದಿನವಿದೆ ಎನ್ನುವಾಗ ಕಾವೇರಿ ಬಂದು ನಿಂತಳು.

‘ನಮ್ಮವ್ವಗ ಆರಾಮಿಲ್ರಿ ಅಕ್ಕಾರ. ಊರಿಗೆ ಹೋಗ್ಬೇಕಾಗೇತಿ. ಮ್ಯಾಚಿನ ದಿನಾ ಸೀದಾ ಹುಬ್ಬಳ್ಳಿಗೆ ಬರ್ತೇನ್ರಿ.’

‘ಮೊದಲ ಅವ್ವನ್ನ ನೋಡ್ಕೋ. ಮ್ಯಾಚಿಗೆ ಬರಾಕ ಆಗದಿದ್ರೂ ನಡೀತೈತಿ’ ಎಂದಳು ದ್ರಾಕ್ಷಾಯಿಣಿ. ತಾನು ಹೊದ್ದಿದ್ದ ಉಣ್ಣೆಯ ಶಾಲು ತೆಗೆದು ಅವಳ ಕೈಗಿಟ್ಟಳು. ‘ಥಂಡಿ ಭಾಳ ಐತಿ. ಅವ್ವಗ ಹೊಚ್ಚು.’

ಕಾವೇರಿ ಶಾಲನ್ನು ಎದೆಗವಚಿಕೊಂಡಳು. ‘ಬರ್ತೇನ್ರಿ ಅಕ್ಕಾರ.’

‘ಬಾ.’

ಪಂದ್ಯದ ಮುಂಜಾನೆ ಕಾಲೇಜಿನ ಗೇಟಿನೆದುರು ಬಸ್ಸು ನಿಂತಿತ್ತು. ನನ್ನನ್ನೂ ಕರೆದಿದ್ದರು; ತಂಡದ ನಾಯಕಿ ಪ್ರಾಚಿ ನನಗೆ ಮುಂದಿನ ಸೀಟು ಹಿಡಿದಿಟ್ಟಿದ್ದಳು. ಅಷ್ಟರಲ್ಲಿ ತಲೆಯ ಮೇಲೆ ರೊಟ್ಟಿಯ ಬುಟ್ಟಿ ಹೊತ್ತು ರೇಣವ್ವ ಬಿರಬಿರನೆ ನಡೆದು ಬಂದಳು.

ದ್ರಾಕ್ಷಾಯಿಣಿ ಬಸ್ಸಿನಿಂದ ಇಳಿದು ಓಡಿದಳು. ‘ಅಯ್ಯ, ನೀವ್ಯಾಕ ಎದ್ದು ಬಂದ್ರಿ ರೇಣವ್ವ? ಆರಾಮಿಲ್ಲಂತಲ್ಲ?’

‘ಯಾರಿಗ್ರಿ, ನಂಗ? ನಂಗೇನ ಧಾಡಿ? ನಸುಕಿನ್ಯಾಗ ಎದ್ದು ಬುಟ್ಟಿ ತುಂಬ ರೊಟ್ಟಿ ಬಡದ ಬಂದೇನಿ.’ ರೇಣವ್ವ ಬಸ್ಸಿನ ಕಿಟಕಿಗಳನ್ನು ಒಂದೊಂದಾಗಿ ನೋಡಿದಳು. ‘ನಮ್ಮ ಕಾವೇರಿ ಎಲ್ಲದಾಳ್ರಿ? ಫೋನ್ ಎತ್ತವಲ್ಲಳು. ಮ್ಯಾಚ್ ಮುಗಿಯೂ ತನಕ ಅಕ್ಕಾರ ಮನ್ಯಾಗಽ ಇರ್ತೇನಿ ಅಂದಿದ್ಲು.’

ಬಸ್ಸಿನಲ್ಲಿ ಹರಟೆ ನಿಂತಿತು. ಪ್ರಾಚಿ ಕಿಟಕಿಯಿಂದ ತಲೆ ಹೊರಹಾಕಿ, ‘ಮುಂದ ಹುಬ್ಬಳ್ಳಿಗೆ ಹೋಗ್ಯಾರ ಕಾಣತೈತ್ರಿ, ಅಲ್ಲೇನೋ ತಯಾರಿ ಇರಬೇಕು’ ಎಂದಳು. ಅವಳಿಗೇನೂ ಗೊತ್ತಿರಲಿಲ್ಲ. ತಾಯಿಯ ಮುಖ ನೋಡಲಾರದೆ ಹೇಳಿದ್ದು.

‘ಹೌದು, ಅಲ್ಲೇ ಭೆಟ್ಟಿ ಆಗ್ತಾಳ. ಬರ್ರಿ, ನೀವೂ ಬರ್ರಿ’ ಎಂದು ದ್ರಾಕ್ಷಾಯಿಣಿ ಬುಟ್ಟಿ ಇಸಿದುಕೊಂಡು ರೇಣವ್ವನನ್ನು ಹತ್ತಿಸಿದಳು. ದಾರಿಯುದ್ದಕ್ಕೂ ಫೋನ್ ಮಾಡುತ್ತಲೇ ಇದ್ದಳು. ಉಣಕಲ್ ಕೆರೆ ದಾಟುವಾಗ ನನ್ನ ಕಡೆ ಬಾಗಿ, ‘ಬಾಯಾರ, ಆ ಹುಡುಗಿಗೆ ಏನರ ಆಗಿರಬಾರದಪಾ’ ಎಂದು ಪಿಸುಗುಟ್ಟಿದಳು. ಸುಳ್ಳು ಸಿಕ್ಕಿಬಿದ್ದಾಗಲೂ ಅವಳಿಗೆ ಮೊದಲು ಬಂದದ್ದು ಹೆದರಿಕೆ, ಸಿಟ್ಟಲ್ಲ.

ಹುಬ್ಬಳ್ಳಿಯ ಆ ಕಾಲೇಜಿನ ಅಂಗಳಕ್ಕೆ ತಗಡಿನ ಚಪ್ಪರವಿತ್ತು, ಕೂಡಲು ಮೆಟ್ಟಿಲುಗಳಿದ್ದವು. ಕಾವೇರಿಯನ್ನು ಮೊದಲು ಕಂಡವಳು ರೇಣವ್ವ.

‘ಅಲ್ಲಿ ನೋಡ್ರಿ ಕಾವೇರಿ! ನೀಲಿ ಅಂಗಿ ಹಾಕ್ಯಾಳ!’ ಎಂದು ಕೈಯೆತ್ತಿ ಬೀಸಿದಳು. ‘ಕಾವೇರೀ! ಏ ತಂಗೀ!’

ನೀಲಿ ಅಂಗಿ ಎದುರಾಳಿಗಳದು. ಕಾವೇರಿ ಅವರ ಬೆಂಚಿನಲ್ಲಿ, ಅವರ ಕೋಚ್‌ನ ಪಕ್ಕದಲ್ಲಿ ಕುಳಿತಿದ್ದಳು. ತಾಯಿಯ ಕೂಗು ಕೇಳಿ ತಲೆಯೆತ್ತಿದಳು, ನಮ್ಮನ್ನೆಲ್ಲ ನೋಡಿದಳು, ಕೆಳಗೆ ನೋಡಿದಳು. ರೇಣವ್ವನ ಕೈ ಮೇಲೆಯೇ ನಿಂತಿತು. ಅದನ್ನು ಇಳಿಸುವುದು ಹೇಗೆಂದು ಅವಳಿಗೆ ತೋಚಲಿಲ್ಲ. ಪ್ರಾಚಿ ಆ ಕೈಯನ್ನು ಹಿಡಿದು, ಕೂಡ್ರಲು ಆಸರೆ ಕೊಡುವವಳಂತೆ ಮೆಲ್ಲಗೆ ಕೆಳಗೆ ತಂದಳು.

‘ಅಕ್ಕಾರ, ಇದೇನ್ರಿ?’ ಎಂದಳು ರೇಣವ್ವ.

ದ್ರಾಕ್ಷಾಯಿಣಿ ಆ ಬೆಂಚಿನ ಕಡೆ ನೋಡಿದಳು. ‘ನೀಲಿ ಆಕಿಗೆ ಒಪ್ಪತೈತಿ’ ಎಂದಳು. ಆಮೇಲೆ ಬಗ್ಗಿ ತನ್ನ ಬೂಟಿನ ಲಾಡಿ ಬಿಚ್ಚಿ, ಮತ್ತೆ ಕಟ್ಟಿದಳು. ಅದು ಸರಿಯಾಗಿಯೇ ಇತ್ತು.

ಆಟ ಸುರುವಾಯಿತು. ಪ್ರಾಚಿ ‘ಬರ್ತೇನಿ!’ ಎಂದು ಕೂಗಿ ಹೆಜ್ಜೆ ಹಾಕಿದಳು. ನೀಲಿ ಅಂಗಿಯವಳು ಮುಂದೆ ನುಗ್ಗಲೇ ಇಲ್ಲ. ಹಿಂದೆ ಸರಿದು, ಪ್ರಾಚಿ ಓಡಿ ಬರುವ ಜಾಗದಲ್ಲಿ ಮೊದಲೇ ನಿಂತುಕೊಂಡಳು. ಚೆಂಡು ಸೀದಾ ಅವಳ ಕೈಗೆ ಹೋಯಿತು. ಇನ್ನೊಮ್ಮೆ ಹಾಗೆಯೇ. ಮತ್ತೊಮ್ಮೆಯೂ ಹಾಗೆಯೇ. ನಮ್ಮ ಹುಡುಗಿಯರು ಆಡುತ್ತ ಆಡುತ್ತ ಬೆಂಚಿನ ಕಡೆ ನೋಡತೊಡಗಿದರು. ಎದುರಾಳಿಗಳಲ್ಲಿ ಒಬ್ಬಳು, ‘ಬರ್ರಿ ಬರ್ರಿ! ಚಾ ಕುಡದಽ ಹೋಗೀರಂತ!’ ಎಂದು ಅಣಕಿಸಿದಳು. ಮೆಟ್ಟಿಲುಗಳ ಮೇಲಿದ್ದವರೆಲ್ಲ ನಕ್ಕರು. ಕಾವೇರಿ ನಗಲಿಲ್ಲ, ಅಷ್ಟನ್ನು ನಾನು ಹೇಳಬೇಕು.

ಅರ್ಧ ಆಟ ಮುಗಿದಾಗ ನಾವು ಬಹಳ ಹಿಂದೆ ಬಿದ್ದಿದ್ದೆವು. ಹುಡುಗಿಯರು ದ್ರಾಕ್ಷಾಯಿಣಿಯ ಸುತ್ತ ಬಂದು ನಿಂತರು. ಒಬ್ಬಿಬ್ಬರ ಕಣ್ಣು ತುಂಬಿತ್ತು.

‘ಎಲ್ಲಾ ಹೇಳಿಕೊಟ್ಟಾರ್ರಿ ಕಾವೇರಕ್ಕ’ ಎಂದಳು ಪ್ರಾಚಿ. ‘ನಮ್ಮದು ಒಂದೂ ನಡಿಯವಲ್ತು.’

‘ಹೌದು. ಅದಕ್ಕಽ ಇನ್ನ ಮ್ಯಾಲೆ ಬರ್ತೇನಿ ಅಂದ್ರ ಖರೇನಽ ಬರ್ರಿ.’

‘ಅಂದ್ರ… ಸುಳ್ಳ ಬ್ಯಾಡೇನ್ರಿ?’

‘ಬ್ಯಾಡ. ಇವತ್ತಿಗೆ ಸಾಕಷ್ಟಾಗೇತಿ.’

ಆಮೇಲಿನ ಆಟ ಚೆಂದವಾಗಿತ್ತು. ಪ್ರಾಚಿ ‘ಬರ್ತೇನಿ’ ಎಂದು ಕೂಗುತ್ತಿದ್ದಳು. ಎದುರಾಳಿ ಜಾಣತನದಿಂದ ಹಿಂದೆ ಸರಿಯುತ್ತಿದ್ದಳು. ಪ್ರಾಚಿ ನಿಜಕ್ಕೂ ಬಂದು, ಎದುರಿಗೆ ಯಾರೂ ಇಲ್ಲದ ಜಾಗದಲ್ಲಿ ನಿರಾಳವಾಗಿ ಚೆಂಡು ಹಿಡಿದು ಬುಟ್ಟಿಗೆ ಒಗೆಯುತ್ತಿದ್ದಳು. ಆಡಿದ ಮಾತಿನಂತೆ ನಡೆದುಕೊಳ್ಳುವುದೇ ಅಂದು ದೊಡ್ಡ ಮೋಸವಾಗಿ ಕೆಲಸ ಮಾಡಿತು. ನೀಲಿ ಅಂಗಿಯವರು ಗಲಿಬಿಲಿಗೊಂಡರು. ಮತ್ತೆ ಮುಂದೆ ನುಗ್ಗಿ ತಡೆಯತೊಡಗಿದರು. ಆಟ ಮುಗಿಯುವ ಹೊತ್ತಿಗೆ ನಾವು ಒಂದೇ ಅಂಕ ಹಿಂದಿದ್ದೆವು, ಚೆಂಡು ನಮ್ಮ ಕೈಯಲ್ಲಿತ್ತು. ರೇಣವ್ವ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಯಾರು ಗೆಲ್ಲಲಿ ಎಂದು ಬೇಡುತ್ತಿದ್ದಳೋ, ನಾನು ಕೇಳಲಿಲ್ಲ.

ದ್ರಾಕ್ಷಾಯಿಣಿ ಕೊನೆಯ ಟೈಮ್‌ಔಟ್ ತೆಗೆದುಕೊಂಡಳು. ‘ಈಗ ಅವರೆಲ್ಲ ಮುಂದ ನುಗ್ತಾರ. ಕಡೀದು ಹಳೇದಽ ಆಡ್ರಿ’ ಎಂದು ಮೆಲ್ಲಗೆ ಹೇಳಿ ಕಳಿಸಿದಳು. ಬೆಂಚಿಗೆ ಬಂದು ಕುಳಿತು, ಕೆಟ್ಟ ಮೊಣಕಾಲಿನ ಮೇಲೆ ಅಂಗೈಯಿಟ್ಟು ಒತ್ತಿಕೊಂಡಳು. ತಾನು ಕಲಿಸಿದ ಆ ಆಟ ನಡೆಯಲಿ ಎಂದು ಆಸೆಪಡುವಾಗ ಅವಳ ಕೈ ಅಲ್ಲಿಗೇ ಹೋಗುತ್ತದೆ. ಅದು ಅವಳಿಗೇ ಗೊತ್ತಿಲ್ಲ. ಕಿಟಕಿಯಿಂದ ವರ್ಷಾನುಗಟ್ಟಲೆ ನೋಡಿದ ನನಗೆ ಗೊತ್ತು. ಆ ಮೊಣಕಾಲಿಗೆ ಎಣ್ಣೆ ಹಚ್ಚಿದವಳಿಗೂ ಗೊತ್ತಿತ್ತು.

‘ಬರ್ತೇನಿ!’ ಎಂದಳು ಪ್ರಾಚಿ.

ಎದುರಿನ ಬೆಂಚಿನಲ್ಲಿ ಕಾವೇರಿ ಎದ್ದು ನಿಂತಳು. ಅವಳು ನೋಡುತ್ತಿದ್ದದ್ದು ಪ್ರಾಚಿಯನ್ನಲ್ಲ, ದ್ರಾಕ್ಷಾಯಿಣಿಯ ಕೈಯನ್ನು. ‘ಹೋಗ್ತಾಳ!’ ಎಂದು ಗಂಟಲು ಹರಿಯುವಂತೆ ಕೂಗಿದಳು. ‘ಹಿಂದ ಸರೀ, ಆಕಿ ಹೋಗ್ತಾಳ!’

ನೀಲಿ ಅಂಗಿಯವಳು ಹಿಂದೆ ಸರಿದಳು. ಚೆಂಡು ಅವಳ ಕೈ ಸೇರಿತು. ಆಟ ಮುಗಿದ ಸೀಟಿ ಬಿತ್ತು.

ಚಪ್ಪರದ ತುಂಬ ಕೇಕೆ. ದ್ರಾಕ್ಷಾಯಿಣಿ ತನ್ನ ಅಂಗೈಯನ್ನು ಮೊಣಕಾಲಿನಿಂದ ತೆಗೆದು, ಯಾರದೋ ಕೈ ಎನ್ನುವಂತೆ ನೋಡಿಕೊಂಡಳು. ಹೇಳಿಕೊಟ್ಟ ಆಟವನ್ನು ಯಾರಿಗಾದರೂ ಮಾರಬಹುದು. ಆದರೆ ಈ ಕೈಯನ್ನು ಓದುವುದನ್ನು ಅವಳು ಯಾರಿಗೂ ಕಲಿಸಿರಲಿಲ್ಲ. ಹತ್ತಿರ ಕುಳಿತವಳು ತಾನಾಗಿ ಕಲಿತದ್ದು.

ಹುಡುಗಿಯರು ಚೀಲ ಕಟ್ಟುತ್ತಿದ್ದಾಗ ಕಾವೇರಿ ಬಂದಳು. ಕೈಯಲ್ಲಿ ಮಡಿಸಿದ ಶಾಲು ಇತ್ತು.

‘ಹೇಳಬೇಕಂತಿದ್ದೆರಿ ಅಕ್ಕಾರ.’

‘ಹೇಳಬೇಕಿತ್ತು.’

‘ಇಲ್ಲಿ ಪರ್ಮನೆಂಟ್ ಕೆಲಸರಿ. ಫೈನಲ್‌ಗಿಂತ ಮೊದಲಽ ಬಂದು ಕುಂದ್ರಬೇಕು ಅಂದ್ರು. ನಿಮಗ ಹೇಳಿದ್ರ ನೀವು ಹೂಂ, ಹೋಗಿ ಬಾ ಅಂತಿದ್ರಿ. ಅದು ನಂಗ ಗೊತ್ತಿತ್ತು. ನೀವು ಹಂಗಂದ ಮ್ಯಾಲೆ ನನ್ನ ಕಾಲು ಏಳ್ತಿದ್ದಿಲ್ರಿ.’

‘ಕೆಲಸಕ್ಕ ಹೋದದ್ದಕ್ಕ ನಾ ಏನೂ ಅನ್ನೂದಿಲ್ಲವಾ. ಈ ಹುಡುಗ್ಯಾರ ಆಟ ಯಾಕ ಕೊಟ್ಟಿ? ಗಟ್ಟಿಮುಟ್ಟಿದ್ದ ಅವ್ವನ್ನ ಯಾಕ ಹಾಸಿಗಿ ಹಿಡಿಸಿದಿ?’

ಕಾವೇರಿ ಶಾಲು ಮುಂದೆ ಚಾಚಿದಳು. ದ್ರಾಕ್ಷಾಯಿಣಿ ಅದನ್ನು ತೆಗೆದುಕೊಂಡು ಬಿಚ್ಚಿ, ಪಕ್ಕದಲ್ಲಿ ಕಲ್ಲಿನಂತೆ ನಿಂತಿದ್ದ ರೇಣವ್ವನಿಗೆ ಹೊದಿಸಿದಳು. ‘ಇದು ನಿಮಗಂತ ಕೊಟ್ಟದ್ರಿ.’

‘ಯವ್ವಾ…’ ಎಂದು ಕಾವೇರಿ ತಾಯಿಯ ಬುಟ್ಟಿಗೆ ಕೈ ಹಚ್ಚಲು ಹೋದಳು. ರೇಣವ್ವ ಬುಟ್ಟಿಯನ್ನು ಇನ್ನೊಂದು ಕಂಕುಳಿಗೆ ಸರಿಸಿದಳು. ‘ಇದು ಇವರಿಗಂತ ಬಡದದ್ದು’ ಎಂದಳು.

ಕಾವೇರಿ ಕೈ ಹಿಂದೆಗೆದುಕೊಂಡಳು. ಆಮೇಲೆ, ಎಷ್ಟೋ ಸಂಜೆ ಬೇವಿನ ಗಿಡದ ಕೆಳಗೆ ಅಂದ ಅದೇ ದನಿಯಲ್ಲಿ, ‘ಬರ್ತೇನ್ರಿ ಅಕ್ಕಾರ’ ಎಂದಳು.

‘ಬಾ’ ಎನ್ನುವುದನ್ನು ನಾವೆಲ್ಲ ಕಾದೆವು. ಜಗಳಾಡಿ ಎದ್ದವರಿಗೂ ನಮ್ಮಲ್ಲಿ ಅದನ್ನು ಅನ್ನುತ್ತಾರೆ.

‘ಹೋಗು’ ಎಂದಳು ದ್ರಾಕ್ಷಾಯಿಣಿ.

ದನಿ ಏರಿಸಿ ಅಂದದ್ದಲ್ಲ. ಆದರೂ ಕಾವೇರಿ ಕೆನ್ನೆಗೆ ಹೊಡೆಸಿಕೊಂಡವಳಂತೆ ಒಂದು ಹೆಜ್ಜೆ ಹಿಂದೆ ಸರಿದಳು. ಹೋದಳು.

ಬಸ್ಸಿನಲ್ಲಿ ಯಾರಿಗೂ ಹಸಿವೆ ಇರಲಿಲ್ಲ. ದ್ರಾಕ್ಷಾಯಿಣಿಯೇ ಬುಟ್ಟಿ ಬಿಚ್ಚಿ, ಮೊದಲ ರೊಟ್ಟಿ ಮುರಿದು ತಿಂದು, ‘ಚಟ್ನಿ ಛಲೋ ಆಗೇತ್ರಿ ರೇಣವ್ವ’ ಎಂದಳು. ಆಗ ಹುಡುಗಿಯರೂ ಕೈ ಚಾಚಿದರು. ಬುಟ್ಟಿಯ ತಳದಲ್ಲಿ ನನ್ನ ಮೆತ್ತಗಿನ ರೊಟ್ಟಿಗಳಿದ್ದವು, ಬೇರೆ ಬಟ್ಟೆಯಲ್ಲಿ.

ಧಾರವಾಡದ ಬಸ್ ಸ್ಟ್ಯಾಂಡಿನಲ್ಲಿ ರೇಣವ್ವ ಹೆಬ್ಬಳ್ಳಿಯ ಬಸ್ಸಿಗೆ ಇಳಿಯಬೇಕಿತ್ತು. ಬಾಗಿಲ ತನಕ ಹೋದವಳು ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಕಂಬಿ ಹಿಡಿದು ಹಿಂದೆ ತಿರುಗಿದಳು.

‘ಅಕ್ಕಾರ, ನಾ ಏನಂತ ಹೇಳಿ ಇಳೀಲ್ರಿ? ಆ ಮಾತು ನನ್ನ ಬಾಯಾಗ ಬರವಲ್ತು.’

ದ್ರಾಕ್ಷಾಯಿಣಿ ಕುಂಟುತ್ತ ಎದ್ದು ಹೋಗಿ, ಅವಳ ಹೆಗಲ ಮೇಲಿನ ಶಾಲು ಸರಿಪಡಿಸಿದಳು. ‘ನೀವು ಬರಾವ್ರು. ನೀವು ಬರ್ತೇನಿ ಅನ್ರಿ.’

‘ಬರ್ತೇನ್ರಿ.’

‘ಬರ್ರಿ.’

ಅಂಗಳ ಉಳಿಯಲಿಲ್ಲ. ಕಾವೇರಿ ಇಲ್ಲವೆಂದ ಮೇಲೆ ಯಜ್ಞೇಶ್ವರ ಅವರ ಕೈಯಲ್ಲಿ ಏನೂ ಇರಲಿಲ್ಲ. ತಮ್ಮ ಮಾತಿಗೆ ಅವರು ತಪ್ಪಲಿಲ್ಲ. ಬೇಸಿಗೆಯಲ್ಲಿ ಶೆಡ್ಡುಗಳೆದ್ದವು. ಈಗ ಅಲ್ಲಿ ಹುಡುಗರು ಸಾಮಾನ್ಯ ಜ್ಞಾನ ಬಾಯಿಪಾಠ ಮಾಡುತ್ತಾರೆ. ಪ್ರಾಚಿ ಆ ಹಳೆಯ ಕುರ್ಚಿಯನ್ನು ಆಟೋದಲ್ಲಿ ಹಾಕಿಕೊಂಡು ಬಂದು ನನ್ನ ಮನೆಯ ವರಾಂಡದಲ್ಲಿ ಇಟ್ಟುಹೋದಳು.

ದ್ರಾಕ್ಷಾಯಿಣಿ ಸಂಜೆ ಒಮ್ಮೊಮ್ಮೆ ಬರುತ್ತಾಳೆ. ಚಹಾ ಕುಡಿಯುತ್ತಾಳೆ, ಮೊಣಕಾಲಿನ ಸುದ್ದಿ ಹೇಳುತ್ತಾಳೆ, ಮಾರ್ಕೆಟ್ಟಿನವಳ ಮಗ ಪಿಎಸ್‌ಐ ಪರೀಕ್ಷೆಗೆ ಕುಳಿತದ್ದನ್ನು ಹೇಳಿ ನಗುತ್ತಾಳೆ. ಹೊರಡುವ ಹೊತ್ತಾದಾಗ ಕಪ್ಪನ್ನು ಒಳಗಿಟ್ಟು ಬಂದು ಚಪ್ಪಲಿ ಮೆಟ್ಟುತ್ತಾಳೆ. ನಾನು ‘ಬಾರವಾ’ ಎನ್ನುತ್ತೇನೆ. ಅವಳು ತಲೆಯಾಡಿಸುತ್ತಾಳೆ. ‘ಬರ್ತೇನಿ’ ಎಂಬ ಮಾತನ್ನು ಅಂದಿನಿಂದ ಅವಳ ಬಾಯಲ್ಲಿ ನಾನು ಕೇಳಿಲ್ಲ. ನಮ್ಮ ಗೇಟಿನ ಚಿಲಕ ಬಿಗಿ. ಎಳೆದರೆ ದೊಡ್ಡ ಸಪ್ಪಳ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ಒಂದಿಷ್ಟೂ ಸದ್ದಾಗದಂತೆ ಹಾಕಿ ಹೋಗುತ್ತಾಳೆ.